ವಿಟಮಿನ್ ಡಬ್ಬಿಯಲ್ಲಿದ್ದ ಕ್ಯಾಪ್ಸೂಲು

[ದೃಶ್ಯ: ಕಾಫಿ ಕಣ, ಬೆಳಗಿನ ಮಂಜು. ಗೋಡೆಗೆ ಒರಗಿಸಿದ ಅಲ್ಯೂಮಿನಿಯಂ ಏಣಿ.]

ನಮಸ್ಕಾರ. ಈ ವಿಡಿಯೋದಲ್ಲಿ ನನ್ನ ಮುಖ ಕಾಣಲ್ಲ, ಕೈ ಮಾತ್ರ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸಿಲ್ವರ್ ಮರಕ್ಕೆ ಒರಗಿಸಿ ಮೆಣಸು ಕುಯ್ಯುವ ಏಣಿ ಇದು. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ತೋಟದಲ್ಲಿ ನಾನು ರೈಟರ್. ಏಣಿ ಹತ್ತುವುದು ನನ್ನ ಕೆಲಸವಲ್ಲ, ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಲೆಕ್ಕ, ಬರೆಯುವುದು ನನ್ನ ಕೆಲಸ. ಆವತ್ತು ಆಳು ಕಡಿಮೆ ಇದ್ದರು ಅಂತ ಹತ್ತಿದೆ, ಬಿದ್ದೆ. ಮೂಳೆ ಮುರಿಯಲಿಲ್ಲ, ಸೊಂಟ ಹಿಡಿಯಿತು. ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಎರಡು ವರ್ಷ ನುಂಗಿದೆ.

[ದೃಶ್ಯ: ಮೇಜಿನ ಮೇಲೆ ಹೆಸರಿಲ್ಲದ ಕ್ಯಾಪ್ಸೂಲ್ ಪಟ್ಟಿ.]

ಮಾತ್ರೆಯ ಹೆಸರು ಟ್ರಮಡಾಲ್. ಅಫೀಮಿನಿಂದ ಬರುವ ಮಾರ್ಫೀನ್ ಮಿದುಳಿನಲ್ಲಿ ಯಾವ ಬಾಗಿಲು ತಟ್ಟುತ್ತದೋ, ಇದೂ ಅದನ್ನೇ ತಟ್ಟುತ್ತದೆ. ಇಂಥವಕ್ಕೆ ಓಪಿಯಾಯ್ಡ್ ಅನ್ನುತ್ತಾರೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್ ಕೂಡ ಇದೇ ಕುಟುಂಬ. ನೋವು ಇಳಿಯುತ್ತದೆ, ಜೊತೆಗೆ ಮನಸ್ಸೂ ಹಗುರ ಆಗುತ್ತದೆ. ಸ್ವಲ್ಪ ದಿನಕ್ಕೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಒಂದು ಸಾಲಲ್ಲ, ಎರಡು ಬೇಕು. ದಿನಕ್ಕೆ 400 ಮಿಲಿಗ್ರಾಂ ದಾಟಬಾರದು ಅನ್ನುವುದು ವೈದ್ಯರ ಲೆಕ್ಕ, ದಾಟಿದರೆ ಫಿಟ್ಸ್ ಬರುವ ಅಪಾಯ ಜಾಸ್ತಿ. ನಾನು ಆ ಲೆಕ್ಕ ಯಾವತ್ತೋ ದಾಟಿದ್ದೆ.

2018ರಲ್ಲೇ ಟ್ರಮಡಾಲನ್ನು ಮಾದಕ ವಸ್ತುಗಳ ಕಾನೂನಿನ ಅಡಿ ತಂದಿದ್ದಾರೆ. ಆದರೂ ಒಂದು ಅಂಗಡಿಯಲ್ಲಿ ನನಗೆ ಚೀಟಿ ಕೇಳುತ್ತಲೇ ಇರಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ, ಬೈಕ್ ಹತ್ತಿ ಹೋಗುತ್ತಿದ್ದವನು ನಾನೇ ಅಲ್ವಾ.

ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲವಾ ಅಂತ ಕೇಳುತ್ತಾರೆ. ನಮ್ಮ ಕೊಡಗಿನಲ್ಲಿ ಮದುವೆ ಮನೆಯಲ್ಲಿ ಯಾರು ಜಾಸ್ತಿ ಕುಡಿದರು ಅಂತ ಬೆಳಗಾಗುವಷ್ಟರಲ್ಲಿ ಊರಿಗೇ ತಿಳಿದಿರುತ್ತದೆ. ಮಾತ್ರೆಗೆ ವಾಸನೆ ಇಲ್ಲ. ತೂರಾಡುವುದಿಲ್ಲ. ಚೆಕ್‌ರೋಲ್ ಸರಿಯಾಗಿಯೇ ಬರೆಯುತ್ತಿದ್ದೆ. ಬೆವರು, ಮಲಬದ್ಧತೆ, ಸಣ್ಣಗಾದ ಕಣ್ಣುಪಾಪೆ, ಇವನ್ನೆಲ್ಲ ಗಮನಿಸುವವರು ಯಾರು?

ಜುಲೈನಲ್ಲಿ ಒಮ್ಮೆ ಮರ ಬಿದ್ದು ರಸ್ತೆ ಬಂದ್ ಆಯಿತು. ಮಾತ್ರೆ ಖಾಲಿ. ಸಂಜೆಗೆ ಆಕಳಿಕೆ ಶುರು, ಮೂಗು ಸೋರಿತು, ರಾತ್ರಿ ಮೈಯೆಲ್ಲ ಮುಳ್ಳೆದ್ದಿತು. ಕಾಲು ಎಳೆತ, ಭೇದಿ. ನನ್ನವಳು ಮಳೆಗಾಲದ ಜ್ವರ ಅಂದುಕೊಂಡು ಮೆಣಸಿನ ಕಷಾಯ ಕಾಸಿಕೊಟ್ಟಳು. ನಾನೂ ಜ್ವರ ಅಂತಲೇ ಅಂದೆ. ಈ ಮಾತ್ರೆ ನಿಂತರೆ ಒಂದು ದಿನದೊಳಗೆ ಹೀಗೆ ಶುರುವಾಗುತ್ತದೆ, ಎರಡು ಮೂರನೇ ದಿನ ತೀರಾ ಜೋರು, ವಾರ ಹತ್ತು ದಿನಕ್ಕೆ ಇಳಿಯುತ್ತದೆ. ದಯವಿಟ್ಟು ಮನೆಯಲ್ಲೇ ಹಲ್ಲು ಕಚ್ಚಿ ದಿಢೀರ್ ನಿಲ್ಲಿಸಬೇಡಿ. ಡಾಕ್ಟರ ಕಣ್ಣಮುಂದೆ ಆಗಬೇಕಾದ ಕೆಲಸ ಅದು.

[ದೃಶ್ಯ: ಖಾಲಿ ವಿಟಮಿನ್ ಡಬ್ಬಿ, ಹತ್ತಿರದಿಂದ.]

ಸಿಕ್ಕಿಬಿದ್ದದ್ದು ಹೀಗೆ. ಕ್ಯಾಪ್ಸೂಲುಗಳನ್ನು ಈ ಡಬ್ಬಿಗೆ ಸುರಿದಿಟ್ಟಿದ್ದೆ. ಒಂದು ದಿನ ನನ್ನವಳಿಗೆ ಸುಸ್ತು. ವಿಟಮಿನ್ ಅಂತ ಎರಡು ನುಂಗಿದಳು. ಅರ್ಧ ದಿನ ವಾಂತಿ, ತಲೆಸುತ್ತು. ಆಸ್ಪತ್ರೆಯಲ್ಲಿ ಏನು ತಿಂದರು ಅಂತ ಕೇಳಿದಾಗ ನನಗೆ ಬಾಯಿ ಬಿಡದೆ ದಾರಿ ಇರಲಿಲ್ಲ.

ಡಾಕ್ಟರು ನಾಲಿಗೆ ಅಡಿ ಇಡುವ ಬ್ಯುಪ್ರೆನಾರ್ಫಿನ್ ಶುರು ಮಾಡಿದರು. ಮೈಯ ಎಳೆತ ಅದರಿಂದ ಹಿಡಿತಕ್ಕೆ ಬಂತು. ಆಮೇಲೆ ಕೌನ್ಸೆಲರ್ ಹತ್ತಿರ ಕಳಿಸಿದರು. ಕೌನ್ಸೆಲಿಂಗ್ ಅಂದರೆ ಬುದ್ಧಿ ಹೇಳುತ್ತಾರೆ, ತಲೆ ತಗ್ಗಿಸಿ ಕೂತರಾಯಿತು ಅಂದುಕೊಂಡು ಹೋದೆ. ಆ ಮೇಡಂ ಮೊದಲು ಕೇಳಿದ್ದು, "ಎಲ್ಲೆಲ್ಲಿ ಬಚ್ಚಿಡುತ್ತಿದ್ದಿರಿ?"

ಹೇಳುತ್ತಾ ಹೋದೆ. ಬೈಕಿನ ಟೂಲ್ ಬಾಕ್ಸ್. ಗಂಬೂಟಿನ ಒಳಗೆ. ಗೋದಾಮಿನ ತಕ್ಕಡಿ ಹಿಂದೆ. ಏಳು ಜಾಗ ಆದವು. ನನಗೇ ನಗು ಬಂತು, ಆಮೇಲೆ ಅಳು ಬಂತು. ರೈಟರ್ ಕೆಲಸಕ್ಕಿಂತ ಬಚ್ಚಿಡುವ ಕೆಲಸವನ್ನೇ ಹೆಚ್ಚು ನಿಗಾ ಇಟ್ಟು ಮಾಡಿದ್ದೆ.

ಇನ್ನೊಂದು ಪ್ರಶ್ನೆ ಕೇಳಿದರು. ಬಿಡಬೇಕು ಅಂತ ಹತ್ತರಲ್ಲಿ ಎಷ್ಟು ಅನ್ನಿಸುತ್ತದೆ? ನಾಲ್ಕು ಅಂದೆ. ಯಾಕೆ ಅಷ್ಟು ಕಡಿಮೆ ಅಂತ ಬೈಯುತ್ತಾರೆ ಅಂದುಕೊಂಡರೆ, "ಎರಡು ಯಾಕಲ್ಲ?" ಅಂದರು. ಅದಕ್ಕೆ ಉತ್ತರ ಕೊಡಲು ಹೋಗಿ ಬಿಡುವ ಕಾರಣಗಳನ್ನೆಲ್ಲ ನಾನೇ ಹೇಳಿಬಿಟ್ಟಿದ್ದೆ. ಜಾಣೆ.

ಒಂದು ನೋಟ್‌ಬುಕ್ ಕೊಟ್ಟರು. ಆಸೆ ಹುಟ್ಟಿದಾಗ ಗಂಟೆ ಬರೆಯಬೇಕು, ಅದಕ್ಕೆ ಮುಂಚೆ ಏನಾಗಿತ್ತು ಅಂತಲೂ ಬರೆಯಬೇಕು. ಮೂರು ವಾರ ಬರೆದ ಮೇಲೆ ನೋಡಿದರೆ, ಸೊಂಟ ನೋವಿನ ದಿನಕ್ಕಿಂತ ಶನಿವಾರಗಳೇ ಜಾಸ್ತಿ. ಶನಿವಾರ ಬಟವಾಡೆ. ಲೆಕ್ಕ ತಾಳೆ ಆಗದಿದ್ದರೆ ಸಾಹುಕಾರರ ಫೋನ್ ಬರುತ್ತದೆ. ಆ ಫೋನಿನ ಭಯಕ್ಕೆ ನಾನು ನೋವಿನ ಮಾತ್ರೆ ನುಂಗುತ್ತಿದ್ದೆ. ಸೊಂಟಕ್ಕೆ ಫಿಸಿಯೋಥೆರಪಿ ಬೇರೆಯೇ ನಡೆಯಿತು.

ಮೂರನೇ ಸಲ ನನ್ನವಳನ್ನೂ ಕರೆದರು. ಮಾತ್ರೆ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. "ಏನೋ ಸರಿಯಿಲ್ಲ ಅಂತ ಕೇಳಿದಾಗೆಲ್ಲ ನನಗೇ ಅನುಮಾನದ ರೋಗ ಅಂದಿರಲ್ಲ, ಅದನ್ನು ಹೇಗೆ ಮರೆಯಲಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮಧ್ಯೆ ಒಮ್ಮೆ ಜಾರಿದೆ. ಹಳೇ ಗಂಬೂಟಿನಲ್ಲಿ ಎರಡು ಸಿಕ್ಕವು, ನುಂಗಿದೆ. ಮರುದಿನ ಹೋಗಿ ಹೇಳಿದೆ. ಮೇಡಂ ಬೈಯಲಿಲ್ಲ, ಒಂದು ಎಚ್ಚರಿಕೆ ಕೊಟ್ಟರು. ಬಿಟ್ಟ ಮೇಲೆ ಮೈಗೆ ಹಳೇ ತಾಳಿಕೆ ಇರಲ್ಲ. ಹಳೇ ಅಳತೆಯಲ್ಲೇ ನುಂಗಿದರೆ, ಜೊತೆಗೆ ಹೆಂಡವೋ ನಿದ್ರೆ ಮಾತ್ರೆಯೋ ಸೇರಿದರೆ, ಉಸಿರೇ ನಿಲ್ಲಬಹುದು.

[ದೃಶ್ಯ: ಪರದೆ ಮೇಲೆ 14416 ಮತ್ತು 14446.]

14416 ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. 14446 ವ್ಯಸನ ಬಿಡಲು ಇರುವ ರಾಷ್ಟ್ರೀಯ ಸಹಾಯವಾಣಿ. ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಪೊಲೀಸ್ ಭಯ ಇರುವವರಿಗೆ ಒಂದು ಮಾತು: ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ 1985ರ ಮಾದಕ ವಸ್ತುಗಳ ಕಾನೂನಿನ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು.

ಮುಖ ಯಾಕೆ ತೋರಿಸಲ್ಲ ಅಂದೆನಲ್ಲ. ಇಲ್ಲಿ ಯಾರನ್ನು ಕಂಡರೂ ಮೊದಲ ಪ್ರಶ್ನೆ, "ಯಾವ ಮನೆಯವರು?" ನನ್ನ ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ. ಅವಳು ದೊಡ್ಡವಳಾದ ಮೇಲೆ ಅವಳನ್ನೇ ಕೇಳಿ ತೀರ್ಮಾನ ಮಾಡುತ್ತೇನೆ.

ನಾಳೆ ಶನಿವಾರ. ಬಟವಾಡೆ ಹೊತ್ತಿಗೆ ಅವಳಮ್ಮ ಫೋನ್ ಮಾಡುತ್ತಾಳೆ, ಸುಮ್ನೆ, ಲೆಕ್ಕ ತಾಳೆ ಆಯಿತಾ ಅಂತ ಕೇಳಲು.

[ದೃಶ್ಯ: ಚೆಕ್‌ರೋಲ್ ಮೇಲೆ ಪೆನ್ ಹಿಡಿದ ಕೈ. ಪಕ್ಕದಲ್ಲಿ ಫೋನ್.]