ಟರ್ಬೊ ಹೋಗಿದೆ ಅಂದರು, ಹೋಗಿದ್ದು ಬೆರಳುದ್ದದ ಪೈಪ್

ಬಾನೆಟ್ ಎತ್ತಿದ್ದು, ಮೇಲಿನ ಕವರ್ ಬಿಚ್ಚಿದ್ದು ಎಲ್ಲ ವಿಡಿಯೋದಲ್ಲಿ ಕಾಣುತ್ತಿದೆ, ಅದರ ಬಗ್ಗೆ ಹೇಳಲ್ಲ. ಕೈ ಅಲುಗಾಡಿದ್ದಕ್ಕೆ ಕ್ಷಮಿಸಿ, ಇನ್ನೊಂದು ಕೈಯಲ್ಲಿ ಟಾರ್ಚ್ ಇತ್ತು.

ಮೂರನೇ ಗೇರಲ್ಲಿ ಜೋರಾಗಿ ಒತ್ತಿದರೆ ಗಾಡಿ ಒಮ್ಮೆ ಚಿಮ್ಮುತ್ತಿತ್ತು, ಆಮೇಲೆ ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ನಿಲ್ಲುತ್ತಿತ್ತು. ಸ್ಕ್ಯಾನರ್ ಹಾಕಿದರೆ ಪಿ0234 ಅನ್ನೋ ಕೋಡ್, ಅಂದರೆ ಓವರ್‌ಬೂಸ್ಟ್: ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ (ಬೂಸ್ಟ್) ಬೇಕಾದ್ದಕ್ಕಿಂತ ಜಾಸ್ತಿ. ತೋರಿಸಿದ ಕಡೆ ಬಾನೆಟ್ ಕೂಡ ಎತ್ತದೆ ‘ಟರ್ಬೊ ಹೋಗಿದೆ, ಬದಲಾಯಿಸಿಬಿಡಿ’ ಅಂದರು. ಸತ್ತ ಟರ್ಬೊ ಗಾಳಿ ಜಾಸ್ತಿ ಊದುತ್ತಾ? ನನಗೆ ಮೈ ಉರಿದುಹೋಯಿತು.

ಈಗ ಕಾಣುತ್ತಿರುವ ಡಬ್ಬಿ ವೇಸ್ಟ್‌ಗೇಟ್ ಆಕ್ಚುಯೇಟರ್. ಟರ್ಬೊದ ಎಕ್ಸಾಸ್ಟ್ ಕಡೆ ಒಂದು ಪುಟ್ಟ ಬಾಗಿಲಿದೆ, ಅದೇ ವೇಸ್ಟ್‌ಗೇಟ್, ಅದನ್ನು ಆಡಿಸುವುದು ಈ ಡಬ್ಬಿ. ಅದು ತೆರೆದರೆ ಹೊಗೆ ಟರ್ಬೊ ಓಡಿಸುವ ಚಕ್ರವನ್ನು (ಟರ್ಬೈನ್) ತಿರುಗಿಸದೆ ಪಕ್ಕದಿಂದ ಹೋಗುತ್ತದೆ. ಬಾಗಿಲನ್ನು ಮುಚ್ಚಿ ಹಿಡಿಯುವುದು ಸ್ಪ್ರಿಂಗ್, ತೆರೆಯುವುದು ಟರ್ಬೊದ್ದೇ ಗಾಳಿ. ಗಾಡಿಯ ಕಂಪ್ಯೂಟರ್ ನೇರವಾಗಿ ಬೂಸ್ಟ್ ಏರಿಸುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ, ಅದು ಡಬ್ಬಿಗೆ ಮೋಸ ಮಾಡುತ್ತದೆ! ಮಧ್ಯದ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವನ್ನು ಸೆಕೆಂಡಿಗೆ ಹತ್ತಾರು ಸಲ ಟಕಟಕ ಅನ್ನಿಸಿ, ಡಬ್ಬಿಗೆ ಹೋಗಬೇಕಾದ ಗಾಳಿಯಲ್ಲಿ ಒಂದಷ್ಟು ಸೋರಲು ಬಿಡುತ್ತದೆ. ಡಬ್ಬಿಗೆ ಒತ್ತಡ ಕಡಿಮೆ ಅನ್ನಿಸಿ ಬಾಗಿಲು ಮುಚ್ಚಿರುತ್ತದೆ, ಬೂಸ್ಟ್ ಏರುತ್ತದೆ. ಎಷ್ಟು ಬಿಡಬೇಕು ಅಂತ ಆರ್‌ಪಿಎಂ, ಪೆಡಲ್ ನೋಡಿ ಮೊದಲು ಒಂದು ಅಂದಾಜು. ಆಮೇಲೆ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೇಳಿದ್ದು ನೋಡಿ ತಿದ್ದುತ್ತಾ ಹೋಗುತ್ತದೆ. ಗಾಳಿ ಬಿಸಿಯಾದರೆ, ಎಂಜಿನ್ ನಾಕ್ ಆದರೆ (ಇಂಧನ ತಾನಾಗೇ ಹೊತ್ತಿ ಬಡಿದರೆ) ಗುರಿಯನ್ನೇ ಇಳಿಸುತ್ತದೆ. ಇತ್ತೀಚಿನ ಎಷ್ಟೋ ಗಾಡಿಗಳಲ್ಲಿ ಡಬ್ಬಿ ಬದಲು ಮೋಟರ್ ಇದೆ, ಅದು ಬೇರೆ ಕಥೆ.

ಹಾಂ, ಬೂಸ್ಟ್ ಗೇಜ್ 0.8 ತೋರಿಸುವಾಗ ಸ್ಕ್ಯಾನರ್ 1.8 ಬಾರ್ ಯಾಕೆ ತೋರಿಸುತ್ತೆ ಅಂತ ಕೇಳುತ್ತಿರುತ್ತೀರಿ. ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುತ್ತದೆ. ಸಮುದ್ರಮಟ್ಟದಲ್ಲಿ ಅದು ಸುಮಾರು 1 ಬಾರ್. ಎರಡೂ ಸರಿಯೇ, ಜಗಳ ಬೇಡ.

ಅಯ್ಯೋ, ಡಬ್ಬಿಗೆ ಗಾಳಿ ಒಯ್ಯುವ ಪೈಪ್ ಬಂತು. ಇದನ್ನು ಸರಿಯಾಗಿ ನೋಡಿ. ನೇರವಾಗಿ ಹಿಡಿದರೆ ಏನೂ ಇಲ್ಲ. ಸ್ವಲ್ಪ ಬಗ್ಗಿಸಿದರೆ ಬಾಯಿ ಬಿಡುತ್ತದೆ! ಬಿಸಿಗೆ ರಬ್ಬರ್ ಒಣಕಲು ಕಡ್ಡಿಯಾಗಿದೆ. ಡಬ್ಬಿಗೆ ಗಾಳಿಯೇ ತಲುಪುತ್ತಿರಲಿಲ್ಲ, ಬಾಗಿಲು ತೆರೆಯುತ್ತಿರಲಿಲ್ಲ. ಸ್ಕ್ಯಾನರ್ ಬರೆದಿಟ್ಟ ಲಾಗ್‌ನಲ್ಲಿ ಕಂಪ್ಯೂಟರ್ ವಾಲ್ವನ್ನು 0 ಪರ್ಸೆಂಟ್‌ಗೆ, ಅಂದರೆ ಏನೂ ಸೋರದ ಹಾಗೆ, ಇಳಿಸಿ ಕೂತಿದೆ, ಒತ್ತಡ ಮಾತ್ರ ಏರುತ್ತಲೇ ಇದೆ. ಬೇರೆ ದಾರಿ ಕಾಣದೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿತು. ಹಿಡಿದೆಳೆದ ಆಸಾಮಿ ಅದೇ.

ನ್ಯಾಯವಾಗಿ ಹೇಳಬೇಕಂದರೆ, ವೇಸ್ಟ್‌ಗೇಟ್ ತುಕ್ಕು ಹಿಡಿದು ಅಂಟಿಕೊಂಡಿದ್ದರೂ ಇದೇ ಕೋಡ್ ಬರುತ್ತದೆ, ಆಗ ಟರ್ಬೊ ಬಿಚ್ಚಲೇಬೇಕಾಗಬಹುದು. ಹಾಗಾಗಿ ಅವರಿಗೆ ಬೈದಿದ್ದು ಅರ್ಧ ವಾಪಸ್. ಬಾನೆಟ್ ಎತ್ತದಿದ್ದಕ್ಕೆ ಇನ್ನರ್ಧ ಹಾಗೇ ಇರಲಿ.

ಹೊಸ ಪೈಪ್ ಹಾಕಿ ಓಡಿಸಿದ ಲಾಗ್ ಇದು. ಕೆಂಪು ಗೆರೆ ಗುರಿ, ನೀಲಿ ನಿಜವಾದ ಒತ್ತಡ. ನೀಲಿ ಒಂಚೂರು ಮೇಲೆ ಹಾರಿತು, ನೋಡಿದ್ರಾ? ವಾಲ್ವ್ ಇಳಿಸಿತು, ವಾಪಸ್ ಕೆಂಪಿನ ಮೇಲೆ ಬಂದು ಕೂತಿತು. ನಾಲ್ಕನೇ ಗೇರ್‌ದೂ ತೋರಿಸೋಣ ಅಂದರೆ ಇಲ್ಲಿ ಬ್ಯಾಟರಿ ಮುಗಿದಿ—