ಆಡದ ಪದ, ಅರ್ಧ ಸಿಕ್ಕ ಪಾಲು: 1940ರ ಎರ್ಲಿಕ್ ಚಿತ್ರ

ಗೆಳೆಯರೇ, ಇವತ್ತಿನ ಮಾತು 'ಡಾಕ್ಟರ್ ಎರ್ಲಿಕ್ಸ್ ಮ್ಯಾಜಿಕ್ ಬುಲೆಟ್' ಕುರಿತು. 1940ರಲ್ಲಿ ವಾರ್ನರ್ ಬ್ರದರ್ಸ್ ತೆಗೆದ ಈ ಚಿತ್ರದ ನಿರ್ದೇಶಕ ವಿಲಿಯಂ ಡೀಟರ್ಲೆ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗಕ್ಕೆ ಸಾಲ್ವರ್ಸಾನ್ ಔಷಧ ಕೊಟ್ಟ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಯಹೂದಿ. ಆ ಪಾತ್ರ ಮಾಡಿದ ಎಡ್ವರ್ಡ್ ಜಿ. ರಾಬಿನ್‌ಸನ್ ಕೂಡ ಬುಖಾರೆಸ್ಟ್‌ನ ಯಹೂದಿ ಮನೆಯಲ್ಲಿ ಹುಟ್ಟಿದವರು. ಆದರೂ ಇಡೀ ಚಿತ್ರದಲ್ಲಿ 'ಯಹೂದಿ' ಎಂಬ ಪದವನ್ನು ಯಾರೂ ಆಡುವುದಿಲ್ಲ.

ಇದು ಮರೆವಲ್ಲ. ಇದೇ ಡೀಟರ್ಲೆ 1937ರಲ್ಲಿ ಫ್ರೆಂಚ್ ಲೇಖಕ ಎಮಿಲ್ ಜೋಲಾ ಕುರಿತ ಚಿತ್ರ ಮಾಡಿದಾಗ, ದೇಶದ್ರೋಹದ ಸುಳ್ಳು ಆರೋಪ ಹೊತ್ತ, ಜೋಲಾ ಪರ ನಿಂತ ಯಹೂದಿ ಸೇನಾಧಿಕಾರಿ ಡ್ರೇಫಸ್‌ನ ಧರ್ಮ ಕಡತದ ಒಂದು ಹಾಳೆಯಲ್ಲಿ ಕ್ಷಣಮಾತ್ರ ಕಂಡಿತು, ಅಷ್ಟೇ. ಅತ್ತ ಜರ್ಮನಿಯಲ್ಲಿ ನಾಜಿಗಳು ಎರ್ಲಿಕ್ ಹೆಸರಿನ ರಸ್ತೆಗೆ ಬೇರೆ ಹೆಸರಿಟ್ಟಿದ್ದರು. ಅಲ್ಲಿ ಯಹೂದಿ ಎಂಬ ಕಾರಣಕ್ಕೆ ಹೆಸರು ಹೋಯಿತು. ಹಾಲಿವುಡ್‌ನಲ್ಲಿ ಹೆಸರು ಉಳಿಯಿತು, ಯಹೂದಿತನ ಹೋಯಿತು. ಈ ಮೌನವನ್ನು ದಾಖಲಿಸದೆ ಚಿತ್ರದ ಬಗ್ಗೆ ಬರೆಯಬಾರದು ಎಂದೇ ನನ್ನ ಅಭಿಪ್ರಾಯ.

ಆಡದ ಮಾತು ಇನ್ನೊಂದು ದಾರಿಯಲ್ಲಿ ಹೊರಬರುತ್ತದೆ. ಪ್ರಯೋಗಾಲಯ ನೋಡಲು ಬಂದ ಸಮಿತಿಯವರು ಜಪಾನಿ ವಿಜ್ಞಾನಿ ಸಹಾಚಿರೊ ಹಾಟಾ ಅಲ್ಲಿರುವುದಕ್ಕೆ ತಕರಾರು ತೆಗೆಯುತ್ತಾರೆ. ವಿಜ್ಞಾನಕ್ಕೂ ಜನಾಂಗಕ್ಕೂ ಸಂಬಂಧವಿಲ್ಲ ಎಂಬ ಧಾಟಿಯಲ್ಲಿ ಎರ್ಲಿಕ್ ಉತ್ತರಿಸುತ್ತಾರೆ. ಯಹೂದಿಯ ಪರವಾಗಿ ಹೇಳಲಾಗದ್ದನ್ನು ಚಿತ್ರ ಹಾಟಾ ನೆಪದಲ್ಲಿ ಹೇಳಿಸಿದೆ. ಬಿಳಿಯ ನಟರಿಗೆ ಬಣ್ಣ ಬಳಿದು ಏಷ್ಯನ್ನರನ್ನಾಗಿಸುತ್ತಿದ್ದ ಕಾಲದಲ್ಲಿ, ಈ ಪಾತ್ರಕ್ಕೆ ವಿಲ್ಫ್ರೆಡ್ ಹಾರಿ ಎಂಬ ಏಷ್ಯನ್ ನಟ ಸಿಕ್ಕದ್ದು ಸಣ್ಣ ವಿಷಯವಲ್ಲ.

ಆದರೆ ಕೆಲಸದ ಲೆಕ್ಕ ಹಿಡಿದರೆ ಹಾಟಾಗೆ ಅನ್ಯಾಯವಾಗಿದೆ. ತೆರೆಯ ಮೇಲೆ ಪ್ರಯೋಗಗಳ ಸಂಖ್ಯೆಗಳು ಒಂದೊಂದಾಗಿ ಏರಿ 606ಕ್ಕೆ ಬಂದು ನಿಲ್ಲುತ್ತವೆ. ಸೋತು ಸೋತು ಗೆದ್ದ ಒಬ್ಬನ ಛಲದ ಕಥೆ ಅದು. ನಡೆದದ್ದೇ ಬೇರೆ. ಮುಂದೆ ಸಾಲ್ವರ್ಸಾನ್ ಆದ 606 ಎಂಬ ಆರ್ಸೆನಿಕ್ ಸಂಯುಕ್ತವನ್ನು ಎರ್ಲಿಕ್‌ರ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಬರ್ಟ್‌ಹೈಮ್ 1907ರಲ್ಲೇ ತಯಾರಿಸಿದ್ದರು. ಮೊದಲ ಪರೀಕ್ಷೆಯಲ್ಲಿ ಪ್ರಯೋಜನವಿಲ್ಲವೆಂದು ಅದನ್ನು ಬದಿಗಿಟ್ಟಿದ್ದರು. ಮೊಲಗಳಿಗೆ ಸಿಫಿಲಿಸ್ ಸೋಂಕು ತಗುಲಿಸುವ ವಿದ್ಯೆ ಹಾಟಾಗೆ ಗೊತ್ತಿತ್ತು. ಟೋಕಿಯೊದ ಸಾಂಕ್ರಾಮಿಕ ರೋಗಗಳ ಸಂಸ್ಥೆಯಲ್ಲಿದ್ದ ಅವರು 1909ರಲ್ಲಿ ಎರ್ಲಿಕ್‌ರ ಪ್ರಯೋಗಾಲಯವಿದ್ದ ಫ್ರಾಂಕ್‌ಫರ್ಟ್‌ಗೆ ಬಂದು, ಹಳೆಯ ಸಂಯುಕ್ತಗಳನ್ನೆಲ್ಲ ಮತ್ತೆ ಪರೀಕ್ಷಿಸಿದರು. ಆಗ 606ರ ಗುಣ ಬಯಲಾಯಿತು. ಮೂಲೆಯಲ್ಲಿದ್ದ ಬಾಟಲಿಯನ್ನು ಹೊರತೆಗೆಸಿದ್ದು ಮೊಲದ ಪರೀಕ್ಷಾ ವಿಧಾನ. 1910ರಲ್ಲಿ ಬಂದ ಪುಸ್ತಕದ ಮೇಲೆ ಎರ್ಲಿಕ್ ಜೊತೆ ಹಾಟಾ ಹೆಸರೂ ಇದೆ. ಚಿತ್ರದಲ್ಲಿ ಅವರು ನೆರವಿಗೆ ನಿಂತ ಸಹಾಯಕ.

ಹಾಗಾಗಿ ಮುಖಗಳನ್ನು ಎಣಿಸಿದರೆ ಸಾಲದು. ಚಿತ್ರವನ್ನು ಎರಡು ಸಲ ನೋಡಿ. ಮೊದಲ ಸಲ ಪ್ರತಿ ಪಾತ್ರದ ಮುಂದೆ ಮೂರು ಗುರುತು ಹಾಕಿ: ತೆರೆಯಲ್ಲಿದ್ದಾರೆಯೇ, ಮಾತಾಡುತ್ತಾರೆಯೇ, ತೀರ್ಮಾನ ತೆಗೆದುಕೊಳ್ಳುತ್ತಾರೆಯೇ? ಎರಡನೆಯ ಸಲ ಧ್ವನಿ ನಿಲ್ಲಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಯಾರು, ಪಕ್ಕದಲ್ಲಿ ನಿಂತವರು ಯಾರು ಎಂದಷ್ಟೇ ನೋಡಿ. ಮೂರನೆಯ ಗುರುತಿನಲ್ಲೇ ಹಾಟಾ ಸೋಲುತ್ತಾರೆ.

ಆ ಗುರುತು ದಕ್ಕುವ ಹೆಂಗಸು ಫ್ರಾನ್ಸಿಸ್ಕಾ ಸ್ಪೈಯರ್, ಎರ್ಲಿಕ್‌ರ ಸಂಶೋಧನೆಗೆ ಹಣ ಕೊಟ್ಟ ವಿಧವೆ. ಔತಣದಲ್ಲಿ 'ಸಿಫಿಲಿಸ್' ಎಂಬ ಮಾತಿಗೆ ಉಳಿದ ಅತಿಥಿಗಳು ಬೆಚ್ಚುತ್ತಾರೆ; ಮರಿಯಾ ಔಸ್ಪೆನ್ಸ್ಕಾಯಾ ನಟಿಸಿದ ಈ ಮುದುಕಿ ಮಾತ್ರ ಕುಳಿತು ಎರ್ಲಿಕ್‌ರ ಮಾತನ್ನು ಪೂರ್ತಿ ಕೇಳುತ್ತಾಳೆ.