ಅಮ್ಮನ ಆರೈಕೆಗೆ ‘ಬ್ರದರ್’ ಬಂದರೆ

ಕೇಳುಗರಿಗೆ ನಮಸ್ಕಾರ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಯಾರನ್ನಾದರೂ ಕಳುಹಿಸಿ ಎಂದು ಬೆಂಗಳೂರಿನಂಥ ಊರಿನಲ್ಲಿ ಹೋಮ್ ನರ್ಸಿಂಗ್ ಏಜೆನ್ಸಿಯನ್ನು ಕೇಳಿದಾಗ, ‘ಸಿಸ್ಟರ್ ಯಾರೂ ಸದ್ಯಕ್ಕಿಲ್ಲ, ಬ್ರದರ್ ಒಬ್ಬರಿದ್ದಾರೆ, ಆಗಬಹುದೇ?’ ಎಂಬ ಉತ್ತರ ಬರುವುದುಂಟು. ಬ್ರದರ್ ಎಂದರೆ ಆರೈಕೆ ಮಾಡುವ ಗಂಡು ಸಹಾಯಕ. ಆಗ ಮಗ ಸೊಸೆಯ ಮುಖ ನೋಡುತ್ತಾನೆ, ಸೊಸೆ ನಾದಿನಿಗೆ ಫೋನ್ ಮಾಡುತ್ತಾಳೆ. ಒಳಕೋಣೆಯಲ್ಲಿ ಮಲಗಿರುವ ತಾಯಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರನ್ನು ಹೇಗೆ ಕೇಳಬೇಕು ಎಂಬುದೇ ಇಂದಿನ ಮಾತಿನ ವಿಷಯ.

2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ, ಅವರಲ್ಲಿ ಹೆಂಗಸರೇ ಹೆಚ್ಚು. ತನಗಿಂತ ಹಿರಿಯ ವರನನ್ನು ಮದುವೆಯಾಗುವುದು ನಮ್ಮಲ್ಲಿ ಹೆಣ್ಣಿಗೆ ರೂಢಿ, ಆಯುಸ್ಸೂ ಅವಳಿಗೇ ಸ್ವಲ್ಪ ಹೆಚ್ಚು. ಹೀಗಾಗಿ ಗಂಡನ ಕೊನೆಗಾಲವನ್ನು ಹೆಂಡತಿ ನೋಡಿಕೊಳ್ಳುತ್ತಾಳೆ, ಅವಳ ಸರದಿ ಬರುವ ವೇಳೆಗೆ ಬಹಳ ಸಲ ಅವನಿರುವುದಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವುದರಿಂದ ಬಿದ್ದಾಗ ಸೊಂಟ ಮುರಿಯುವ ಅಪಾಯವೂ, ಹೆರಿಗೆಗಳಿಂದ ಸಡಿಲಾದ ಸ್ನಾಯುಗಳ ಕಾರಣ ಮೂತ್ರ ತಡೆಯಲಾಗದ ತೊಂದರೆಯೂ ಹೆಂಗಸರಲ್ಲೇ ಜಾಸ್ತಿ. ಆದ್ದರಿಂದ ಅವರಿಗೆ ಬೇಕಾಗುವ ನೆರವು ಬರೀ ಮಾತ್ರೆ ಕೊಡುವುದರಲ್ಲಿ ಮುಗಿಯದೆ, ಸ್ನಾನ, ಬೆಡ್‌ಪ್ಯಾನ್, ಡೈಪರ್‌ಗಳವರೆಗೆ ಹೋಗುತ್ತದೆ.

ಮುದುಕರಿಗೆ ಹೆಣ್ಣು ಸಹಾಯಕಿ ಸ್ನಾನ ಮಾಡಿಸಿದರೆ ನಾವದನ್ನು ಸೇವೆ ಎನ್ನುತ್ತೇವೆ. ಆಕೆಗಾಗಲಿ ಆ ಮುದುಕರಿಗಾಗಲಿ ಮುಜುಗರವಾಯಿತೇ ಎಂದು ವಿಚಾರಿಸುವುದಿಲ್ಲ. ಗಂಡಸು ಬಂದೊಡನೆ ಮಾತ್ರ ಪ್ರಶ್ನೆ ಏಳುತ್ತದೆ. ‘ಎತ್ತಿ ಕೂರಿಸಲು ಗಂಡಸರೇ ಬೇಕು’ ಎಂಬ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ಕೆಲಸ ಕಲಿತವರು ತೋಳ್ಬಲದಿಂದ ಎತ್ತುವುದಿಲ್ಲ. ರೋಗಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಸರಿಸುತ್ತಾರೆ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಬೇಕಾದದ್ದು ಅಭ್ಯಾಸ ಮತ್ತು ತಾಳ್ಮೆ. ಪಾರ್ಶ್ವವಾಯುವಾದವರ ಕಂಕುಳಿಗೆ ಕೈಹಾಕಿ ಎಳೆದರೆ ಭುಜದ ಕೀಲಿಗೇ ಪೆಟ್ಟು ಬೀಳುತ್ತದೆ, ಎಳೆದವರು ಗಂಡಸಾದರೂ ಹೆಂಗಸಾದರೂ.

ಇನ್ನು ತಾಯಿಯನ್ನು ಕೇಳುವ ವಿಚಾರ. ‘ಗಂಡಸು ಆಗುತ್ತದೆಯೇ ಅಮ್ಮಾ?’ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಸಾಲದು. ಒಂದೊಂದು ಕೆಲಸವನ್ನೂ ಬಿಡಿಬಿಡಿಯಾಗಿ ಕೇಳಬೇಕು. ಊಟ ಮಾಡಿಸಲು, ಬಿ.ಪಿ. ನೋಡಲು, ಕೈಹಿಡಿದು ನಡೆಸಲು ಒಪ್ಪುವವರು ಸ್ನಾನಕ್ಕೆ ಬೇಡವೆನ್ನಬಹುದು. ಆಗ ಬೆಳಗ್ಗೆ ಒಂದು ತಾಸಿನ ಮಟ್ಟಿಗೆ ಹತ್ತಿರದ ಹೆಂಗಸೊಬ್ಬರನ್ನು ಗೊತ್ತುಮಾಡಿಕೊಂಡು ಉಳಿದ ಹೊತ್ತಿಗೆ ಅವನನ್ನೇ ಇಟ್ಟುಕೊಳ್ಳಬಹುದು. ‘ನಿಮಗ್ಯಾಕೆ ತೊಂದರೆ, ಹೇಗೋ ಆಗುತ್ತದೆ ಬಿಡಿ’ ಎಂಬ ಉತ್ತರವನ್ನು ಒಪ್ಪಿಗೆಯೆಂದು ಎಣಿಸಬಾರದು. ಬಾಯಲ್ಲಿ ಹೇಳಲಾರದವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅವನ ಮುಂದೆ ಬೆಡ್‌ಪ್ಯಾನ್ ಕೇಳುವ ಪ್ರಸಂಗವೇ ಬಾರದಿರಲಿ ಎಂದು. ಅದರ ಹಿಂದೆಯೇ ಮಲಬದ್ಧತೆ, ಮೂತ್ರದ ಸೋಂಕು ಬರುತ್ತವೆ, ಸೋಂಕಿನಿಂದ ಕೆಲವರಿಗೆ ಮಾತೂ ತಡವರಿಸುತ್ತದೆ. ಮನೆಯವರು ವಯಸ್ಸಾಯಿತೆಂದು ತಿಳಿದು ಸುಮ್ಮನಾಗುತ್ತಾರೆ.

ಒಪ್ಪಿದ ಮೇಲೂ ಕ್ರಮವಿದೆ. ಮುಟ್ಟುವ ಮುನ್ನ ಏನು ಮಾಡುತ್ತೇನೆಂದು ಹೇಳಬೇಕು. ಒರೆಸುವಷ್ಟು ಭಾಗ ಬಿಟ್ಟು ಉಳಿದ ಮೈಯನ್ನು ದುಪ್ಪಟಿಯಿಂದ ಮುಚ್ಚಿರಬೇಕು. ಅವರ ಕೈ ಆಡುವಂತಿದ್ದರೆ ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಟ್ಟು ಮುಖ ತಿರುಗಿಸಿ ನಿಲ್ಲಬೇಕು. ಸೋಂಕು ತಗಲದಂತೆ ಮುಂದಿನಿಂದ ಹಿಂದಕ್ಕೇ ಒರೆಸಬೇಕೆಂಬುದನ್ನು ಗಂಡು ಸಹಾಯಕನಿಗೆ ಕಲಿಸಲು ಮನೆಯವರು ನಾಚಿಕೊಳ್ಳುವುದುಂಟು. ಕಲಿಸದಿದ್ದರೆ ಅನುಭವಿಸುವವರು ಆ ತಾಯಿ. ಮರೆವಿನ ಕಾಯಿಲೆಯಿದ್ದವರ ವಿಷಯದಲ್ಲಿ ನಿನ್ನೆಯ ಒಪ್ಪಿಗೆ ಇಂದಿಗೆ ನಡೆಯುವುದಿಲ್ಲ. ಸಹಾಯಕನನ್ನು ಒಂದು ದಿನ ಮಗನೆಂದೂ ಮತ್ತೊಂದು ದಿನ ಯಾರೋ ಅಪರಿಚಿತನೆಂದೂ ತಿಳಿಯುವ ಅವರು ಕೈ ಕೊಡವಿಕೊಂಡರೆ, ಅದನ್ನು ಹಟವೆನ್ನದೆ ಅರ್ಧ ಗಂಟೆ ಬಿಟ್ಟು ಮತ್ತೆ ಬರುವುದೇ ಸರಿ.

ಭಯ ಎರಡೂ ಕಡೆ ಇದೆ. ತಾಯಿಗೆ ಏನಾದೀತೋ ಎಂಬ ಅಂಜಿಕೆ ಮನೆಯವರದಾದರೆ, ಒಂದು ಅನುಮಾನದ ಮಾತಿಗೆ ಕೆಲಸವೂ ಹೆಸರೂ ಹೋದಾವೆಂಬ ಅಂಜಿಕೆ ಅವನದು. ಮನೆ ಆರೈಕೆ ಒದಗಿಸುವ ಸಂಸ್ಥೆಗಳ ನೋಂದಣಿಯ ಪ್ರಸ್ತಾವವಿದ್ದ, ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ತಿದ್ದುಪಡಿ ಮಸೂದೆಯೊಂದು 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತಾದರೂ ಕಾಯ್ದೆಯಾಗಲಿಲ್ಲ. ಹಾಗಾಗಿ ಪೊಲೀಸ್ ಪರಿಶೀಲನೆ ನಡೆದಿದೆಯೇ, ತರಬೇತಿ ಎಲ್ಲಿ ಆಯಿತು, ಯಾವ ಕೆಲಸ ಅವನದು, ಯಾವುದು ಅಲ್ಲ ಎಂಬುದನ್ನು ಏಜೆನ್ಸಿಯಿಂದ ನಾವೇ ಬರೆಸಿಕೊಳ್ಳಬೇಕು. ತಾಯಿಯ ಕೈಗೆಟುಕುವಲ್ಲಿ ಒಂದು ಫೋನ್ ಇಡಬೇಕು, ಅದರಲ್ಲಿ ಮಗಳ ಸಂಖ್ಯೆಯ ಜೊತೆಗೆ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567 ಕೂಡ ಇರಲಿ.